ಸೈಕಲ್ ಬಂತು, ದಾರಿ ಬರಲಿಲ್ಲ

ಪ್ರತಿ ವರ್ಷ ಜೂನ್ 3ನ್ನು ವಿಶ್ವ ಬೈಸಿಕಲ್ ದಿನವೆಂದು ಆಚರಿಸುತ್ತಾರೆ. ವಿಶ್ವಸಂಸ್ಥೆಯ ಮಹಾಸಭೆಯು 2018ರಲ್ಲಿ ಈ ದಿನವನ್ನು ಗೊತ್ತುಪಡಿಸಿತು. ಅದಾಗಿ ಎರಡೇ ವರ್ಷಕ್ಕೆ, 2020ರ ಜೂನ್ 3ರಂದೇ, ಉತ್ತರ ಪ್ರದೇಶದ ಸಾಹಿಬಾಬಾದಿನಲ್ಲಿದ್ದ ಅಟ್ಲಾಸ್ ಸೈಕಲ್ ಕಾರ್ಖಾನೆ ಕೆಲಸ ನಿಲ್ಲಿಸಿದ ಸುದ್ದಿಯನ್ನು ಪತ್ರಿಕೆಯಲ್ಲಿ ಓದಿದೆ. ನನ್ನ ವಯಸ್ಸಿನವರಿಗೆ ಅಟ್ಲಾಸ್ ಎಂಬುದು ಬರಿಯ ಕಂಪನಿಯ ಹೆಸರಲ್ಲ, ಮನೆಯ ಸದಸ್ಯನ ಹೆಸರು. ಅಂದಿನಿಂದ ನಮ್ಮ ಸಿಂಧನೂರು, ಮಸ್ಕಿ, ಲಿಂಗಸುಗೂರು ಸೀಮೆಯ ಸೈಕಲ್ಲಿನ ಕಥೆಯನ್ನು ನನಗೆ ತಿಳಿದಷ್ಟಾದರೂ ಬರೆದಿಡಬೇಕೆಂಬ ಆಸೆ. ರಾಜರ ಚರಿತ್ರೆ, ಯುದ್ಧಗಳ ಚರಿತ್ರೆಯನ್ನು ಮೂವತ್ತು ವರ್ಷಗಳಿಗೂ ಮಿಕ್ಕಿ ಪಾಠ ಮಾಡಿದವನು ನಾನು. ದಾರಿಯ ಚರಿತ್ರೆಯನ್ನು ಮಾತ್ರ ಒಂದು ದಿನವೂ ಹೇಳಲಿಲ್ಲ. ಆ ಕೊರತೆಯನ್ನು ತುಂಬಿಕೊಳ್ಳುವ ಪ್ರಯತ್ನವೆಂದು ಓದುಗರು ಇದನ್ನು ಭಾವಿಸಬೇಕು.

ದಾರಿಯ ಮಾತು ಬಂದಾಗ ಮಸ್ಕಿಯಿಂದಲೇ ಆರಂಭಿಸುವುದು ಉಚಿತ. 1915ರಲ್ಲಿ ಸಿ. ಬೀಡನ್ ಎಂಬ ಗಣಿ ಎಂಜಿನಿಯರು ಚಿನ್ನದ ಅದಿರನ್ನು ಹುಡುಕುತ್ತ ಬಂದು ಮಸ್ಕಿಯ ಗುಡ್ಡದ ಬಂಡೆಯ ಮೇಲೆ ಬ್ರಾಹ್ಮೀ ಅಕ್ಷರಗಳನ್ನು ಕಂಡನು. ‘ದೇವಾನಾಂಪ್ರಿಯ’ನೆಂದರೆ ಅಶೋಕನೇ ಎಂಬುದನ್ನು ಹೆಸರು ಸಹಿತ ಜಗತ್ತಿಗೆ ಸಾರಿದ್ದು ಆ ಶಾಸನ. ಅದರಲ್ಲಿ ದಾರಿಯ ಪ್ರಸ್ತಾಪವಿಲ್ಲ. ಆದರೆ ಅದೇ ಅರಸನು ತನ್ನ ಏಳನೆಯ ಸ್ತಂಭಶಾಸನದಲ್ಲಿ ದಾರಿಗಳ ಬದಿಗೆ ಮನುಷ್ಯರಿಗೂ ಪಶುಗಳಿಗೂ ನೆರಳಾಗಲೆಂದು ಆಲದ ಮರಗಳನ್ನು ನೆಡಿಸಿದ್ದನ್ನೂ, ಬಾವಿಗಳನ್ನು ತೋಡಿಸಿದ್ದನ್ನೂ ಹೇಳಿಕೊಂಡಿದ್ದಾನೆ. ರಥವೇರಿ ಹೋಗುವವನಿಗೆ ಆ ನೆರಳು, ಆ ನೀರು ಅಷ್ಟು ಅಗತ್ಯವಿರಲಿಲ್ಲ. ಅವು ಬೇಕಾಗಿದ್ದುದು ನಡೆದು ಹೋಗುವವನಿಗೆ, ಭಾರ ಎಳೆಯುವ ಎತ್ತಿಗೆ. ದಾರಿ ಮೊದಲು ಯಾರದು ಎಂಬ ಪ್ರಶ್ನೆಗೆ ಎರಡು ಸಾವಿರ ವರ್ಷಗಳಿಗೂ ಹಿಂದೆಯೇ ಕೊಟ್ಟ ಉತ್ತರವಿದು.

ಸೈಕಲ್ಲು ಇದರ ಮುಂದೆ ತೀರ ಹೊಸತು. ಜರ್ಮನಿಯ ಕಾರ್ಲ್ ಡ್ರೈಸ್ ಎಂಬುವನು 1817ರಲ್ಲಿ ಕಾಲಿನಿಂದ ನೆಲವನ್ನು ಒದೆಯುತ್ತ ಓಡಿಸುವ ಎರಡು ಗಾಲಿಯ ಕಟ್ಟಿಗೆಯ ಬಂಡಿಯನ್ನು ಮಾಡಿದನು. ಇಂದಿನ ರೂಪದ, ಎರಡೂ ಗಾಲಿ ಹೆಚ್ಚುಕಡಿಮೆ ಸಮವಾಗಿರುವ, ಹಿಂಗಾಲಿಗೆ ಚೈನು ಇರುವ ಸೈಕಲ್ಲನ್ನು ಇಂಗ್ಲೆಂಡಿನ ಜಾನ್ ಕೆಂಪ್ ಸ್ಟಾರ್ಲಿ 1885ರಲ್ಲಿ ತಯಾರಿಸಿದನು. 1888ರಲ್ಲಿ ಪಶುವೈದ್ಯ ಜಾನ್ ಡನ್‌ಲಪ್ ತನ್ನ ಮಗನ ಮೂರು ಗಾಲಿಯ ಸೈಕಲ್ಲಿಗೆಂದು ಗಾಳಿ ತುಂಬಿದ ರಬ್ಬರ್ ಟೈರನ್ನು ರೂಪಿಸಿದನು. ಸ್ವಾತಂತ್ರ್ಯ ಬರುವವರೆಗೂ ನಮ್ಮ ದೇಶಕ್ಕೆ ಹೆಚ್ಚಾಗಿ ರ‍್ಯಾಲಿ, ಹರ್ಕ್ಯುಲಿಸ್, ಬಿ.ಎಸ್.ಎ. ಮುಂತಾದ ವಿಲಾಯತಿ ಸೈಕಲ್ಲುಗಳೇ ಬರುತ್ತಿದ್ದವು. 1951ರಲ್ಲಿ ಸೋನಿಪತ್ತಿನಲ್ಲಿ ಅಟ್ಲಾಸ್, 1956ರಲ್ಲಿ ಲೂಧಿಯಾನದಲ್ಲಿ ಹೀರೋ ಕಾರ್ಖಾನೆಗಳು ಆರಂಭವಾದ ಮೇಲೆ ಸೈಕಲ್ಲು ಸಾಹುಕಾರರ ಪಡಸಾಲೆಯಿಂದ ಇಳಿದು ಮಾಸ್ತರರ, ಗುಮಾಸ್ತರ, ಹಾಲು ಮಾರುವವರ ಅಂಗಳಕ್ಕೆ ಬಂದಿತು.

ನಮ್ಮ ಭಾಗಕ್ಕೆ ಇನ್ನೊಂದು ತೊಡಕಿತ್ತು. ಅದು ನಮ್ಮ ಎರೆ ಭೂಮಿ. 1948ರವರೆಗೆ ನಿಜಾಮರ ರಾಜ್ಯದಲ್ಲಿದ್ದ, 1956ರಲ್ಲಿ ಕನ್ನಡ ನಾಡಿನೊಂದಿಗೆ ಕೂಡಿದ ಈ ಸೀಮೆಯಲ್ಲಿ ಹಳ್ಳಿಗಳಿಗೆ ಪಕ್ಕಾ ರಸ್ತೆಗಳು ಅಪರೂಪ. ನನ್ನ ತಂದೆಯವರು ಪ್ರಾಥಮಿಕ ಶಾಲೆಯ ಮಾಸ್ತರರು. ಅವರ ಬಳಿ ಎರಡನೆಯ ಕೈಯಿಂದ ಕೊಂಡ ಒಂದು ರ‍್ಯಾಲಿ ಸೈಕಲ್ಲಿತ್ತು. ಬೇಸಿಗೆಯಲ್ಲಿ ತಂದೆಯವರು ಸೈಕಲ್ಲಿನ ಮೇಲೆ ಕೂಡುತ್ತಿದ್ದರು. ಮಳೆಗಾಲದಲ್ಲಿ ಸೈಕಲ್ಲು ತಂದೆಯವರ ಮೇಲೆ ಕೂಡುತ್ತಿತ್ತು. ಎರೆಮಣ್ಣು ಮಡ್‌ಗಾರ್ಡಿನೊಳಗೆ ಗಟ್ಟಿಯಾಗಿ ಮೆತ್ತಿಕೊಂಡರೆ ಗಾಲಿ ತಿರುಗುವುದೇ ಇಲ್ಲ. ಹತ್ತು ಹೆಜ್ಜೆಗೊಮ್ಮೆ ಕಡ್ಡಿಯಿಂದ ಮಣ್ಣು ಕೆರೆದು, ಕಡೆಗೆ ಬೇಸತ್ತು ಹೆಗಲ ಮೇಲೆ ಹೊತ್ತುಕೊಂಡು ಬರುತ್ತಿದ್ದರು.

ಈ ತೊಡಕಿಗೆ ಒಂದು ಪರಿಹಾರವನ್ನು ತುಂಗಭದ್ರೆಯೇ ತಂದಳು. 1945ರಲ್ಲಿ ಆರಂಭವಾದ ಅಣೆಕಟ್ಟು 1953ರಲ್ಲಿ ಮುಗಿದು, ಎಡದಂಡೆ ಕಾಲುವೆಯ ನೀರು ಸಿಂಧನೂರಿನ ಒಣಭೂಮಿಗೆ ಹರಿಯಿತು. ಜೋಳ, ಹತ್ತಿಗಳ ಹೊಲಗಳು ಭತ್ತದ ಗದ್ದೆಗಳಾದವು. ಆಂಧ್ರದಿಂದ ರೈತರು ಬಂದು ಕಾಲುವೆಗುಂಟ ಕ್ಯಾಂಪುಗಳನ್ನು ಕಟ್ಟಿದರು. ಪೂರ್ವ ಬಂಗಾಲದಿಂದ ನಿರಾಶ್ರಿತರಾಗಿ ಬಂದ ಕುಟುಂಬಗಳು ಸಿಂಧನೂರಿನ ಆರ್.ಎಚ್. ಕ್ಯಾಂಪುಗಳಲ್ಲಿ ನೆಲೆಯಾದವು. ನೀರಾವರಿ ಇಲಾಖೆಯವರು ತಪಾಸಣೆಗೆಂದು ಮಾಡಿಕೊಂಡ ಕಾಲುವೆ ದಂಡೆಯ ಮೊರಂ ದಾರಿಯೇ ಕ್ಯಾಂಪಿನವರಿಗೆ ಸೈಕಲ್ ದಾರಿಯೂ ಆಯಿತು. ಕ್ಯಾರಿಯರಿಗೆ ಹಾಲಿನ ಕ್ಯಾನು, ಹ್ಯಾಂಡಲಿಗೆ ತರಕಾರಿಯ ಚೀಲ ಕಟ್ಟಿಕೊಂಡು ಬೆಳಗಿನ ಜಾವ ಸಾಲಾಗಿ ಬರುತ್ತಿದ್ದ ಸೈಕಲ್ಲುಗಳನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅತ್ತ ಲಿಂಗಸುಗೂರು ತಾಲ್ಲೂಕಿನ ಹಟ್ಟಿ ಚಿನ್ನದ ಗಣಿಯಲ್ಲಿ ಪಾಳಿ ಬಿಟ್ಟಾಗ ಸೈಕಲ್ಲುಗಳು ಜಾತ್ರೆಯಂತೆ ಹೊರಡುತ್ತಿದ್ದವು.

ನನ್ನ ಬಾಲ್ಯದಲ್ಲಿ ಸೈಕಲ್ ಅಂಗಡಿಯವನು ತಾಸಿಗೆ ಇಪ್ಪತ್ತೈದು ಪೈಸೆಯಂತೆ ಬಾಡಿಗೆಗೆ ಕೊಡುತ್ತಿದ್ದನು. ಸೀಟಿಗೆ ಎಟುಕದ ನಾವು ನಡುವಿನ ಕೊಳವೆಯ ಕೆಳಗಿನಿಂದ ಕಾಲು ತೂರಿಸಿ ಒಳಪೆಡಲು ತುಳಿಯುತ್ತಿದ್ದೆವು. ಅಂದು ಸೈಕಲ್ಲಿಗೂ ಪುರಸಭೆಗೆ ವರ್ಷಕ್ಕೊಮ್ಮೆ ತೆರಿಗೆ ಕಟ್ಟಿ, ತಗಡಿನ ಬಿಲ್ಲೆಯನ್ನು ಪಡೆದು ಮುಂದೆ ತೂಗಹಾಕಬೇಕಿತ್ತು. ರಾತ್ರಿ ದೀಪವಿಲ್ಲದೆ ಹೋದರೆ ಪೊಲೀಸರು ಗಾಲಿಯ ಹವಾ ಬಿಡುತ್ತಿದ್ದರು. ಇದನ್ನೆಲ್ಲ ನೆನೆದು ನಾವು ಈಗ ನಗುತ್ತೇವೆ. ಆದರೆ ಆ ಬಿಲ್ಲೆಗೊಂದು ಅರ್ಥವಿತ್ತು. ತೆರಿಗೆ ಕಟ್ಟಿದ ಸೈಕಲ್ಲಿಗೆ ರಸ್ತೆಯಲ್ಲಿ ಒಂದು ಸ್ಥಾನವುಂಟೆಂದು ಊರು ಒಪ್ಪಿಕೊಂಡಿತ್ತು.

ಇಷ್ಟರಲ್ಲಿ ಒಂದನ್ನು ಹೇಳದೆ ಬಿಟ್ಟೆ. ನಾನು ಕಂಡ ಆ ಸಾಲುಗಳಲ್ಲಿ ಹೆಣ್ಣುಮಕ್ಕಳಿರಲಿಲ್ಲ. ಹಳ್ಳಿಯ ಶಾಲೆ ಏಳನೆಯ ಇಯತ್ತೆಗೆ ಮುಗಿದರೆ ಹುಡುಗರು ಹೇಗೋ ಹೈಸ್ಕೂಲಿಗೆ ಬರುತ್ತಿದ್ದರು; ಹುಡುಗಿಯರು ಹೊಲಕ್ಕೆ ಹೋಗುತ್ತಿದ್ದರು. ಈ ಚಿತ್ರ ನನ್ನ ಕಣ್ಣೆದುರೇ ಬದಲಾದುದು 2006-07ರಲ್ಲಿ. ಎಚ್.ಡಿ. ಕುಮಾರಸ್ವಾಮಿಯವರು ಮುಖ್ಯಮಂತ್ರಿಗಳೂ ಬಿ.ಎಸ್. ಯಡಿಯೂರಪ್ಪನವರು ಹಣಕಾಸು ಖಾತೆಯ ಉಪಮುಖ್ಯಮಂತ್ರಿಗಳೂ ಆಗಿದ್ದಾಗ ಎಂಟನೆಯ ತರಗತಿಯ ಹೆಣ್ಣುಮಕ್ಕಳಿಗೆ ಉಚಿತ ಸೈಕಲ್ ಯೋಜನೆ ಬಂದಿತು. ಮುಂದೆ ಅದು ಗಂಡುಮಕ್ಕಳಿಗೂ ವಿಸ್ತರಿಸಿತು. ಬಿಹಾರದಲ್ಲಿಯೂ 2006ರಲ್ಲಿಯೇ ಇಂಥ ಯೋಜನೆ ಆರಂಭವಾಯಿತು. ಅದರ ಫಲವನ್ನು ಅಭ್ಯಸಿಸಿದ ಅರ್ಥಶಾಸ್ತ್ರಜ್ಞರಾದ ಕಾರ್ತಿಕ್ ಮುರಳೀಧರನ್ ಮತ್ತು ನಿಶಿತ್ ಪ್ರಕಾಶ್ ಅವರು ಪ್ರೌಢಶಾಲೆಗೆ ಸೇರುವ ಹುಡುಗಿಯರ ಪ್ರಮಾಣ ಶೇಕಡ 32ರಷ್ಟು ಏರಿತೆಂದು 2017ರಲ್ಲಿ ಪ್ರಕಟಿಸಿದರು. ಶಾಲೆ ಮೂರು ಕಿಲೋಮೀಟರಿಗಿಂತ ದೂರವಿದ್ದ ಹಳ್ಳಿಗಳಲ್ಲಿಯೇ ಈ ಫಲ ಹೆಚ್ಚಾಗಿ ಕಂಡಿತಂತೆ. ಲೆಕ್ಕ ಅವರದು; ಆ ಲೆಕ್ಕದೊಳಗಿನ ಮುಖಗಳನ್ನು ನಾನು ನೋಡಿದ್ದೆ.

ಅಂಥ ಒಂದು ಮುಖದ ಕಥೆಯನ್ನು ಹೇಳಬೇಕು. ಶಾಲೆಯಿಂದ ಐದು ಕಿಲೋಮೀಟರ್ ದೂರದ ಕ್ಯಾಂಪಿನ ಹುಡುಗಿ. ಹೆಸರು ಬೇಡ. ಏಳನೆಯ ಇಯತ್ತೆ ಮುಗಿದ ಮೇಲೆ ತಂದೆ ಶಾಲೆ ಬಿಡಿಸಿದ್ದನು. ನಾನೇ ಅವರ ಮನೆಗೆ ಹೋಗಿ, “ಸರ್ಕಾರದವರು ಸೈಕಲ್ ಕೊಡ್ತಾರಪಾ, ನಡೆಯೂದೂ ಬ್ಯಾಡ, ಬಸ್ಸಿನ ರೊಕ್ಕಾನೂ ಬ್ಯಾಡ” ಎಂದು ಒಪ್ಪಿಸಿ ಬಂದೆ. 2008ರಲ್ಲಿ ಅವಳಿಗೆ ಸೈಕಲ್ಲು ಬಂದಾಗ ವಿತರಣೆಯ ಪುಸ್ತಕದಲ್ಲಿ ಅವಳ ಹೆಸರಿನ ಮುಂದೆ ನಾನೇ ಸಹಿ ಮಾಡಿಸಿದೆ. ವರ್ಷವಿಡೀ ಒಂದು ದಿನ ತಪ್ಪಿಸಲಿಲ್ಲ. ಒಂಬತ್ತನೆಯ ತರಗತಿಯಲ್ಲಿದ್ದಾಗ ಒಂದು ಸಂಜೆ, ಎದುರಿನ ಬಸ್ಸನ್ನು ತಪ್ಪಿಸಲು ಲಾರಿಯೊಂದು ಡಾಂಬರಿನ ಅಂಚಿನವರೆಗೂ ಸರಿದು ಬಂದಿತು. ಡಾಂಬರಿಗೂ ಪಕ್ಕದ ಮಣ್ಣಿಗೂ ನಡುವೆ ಅರ್ಧ ಮೊಳದ ಇಳಿಜಾರು. ಹುಡುಗಿ ಸೈಕಲ್ ಸಮೇತ ತಗ್ಗಿಗೆ ಬಿದ್ದಳು. ತೋಳಿನ ಎಲುಬು ಎರಡು ಕಡೆ ಮುರಿಯಿತು.

ಜೀವ ಉಳಿಯಿತು, ಶಾಲೆ ಉಳಿಯಲಿಲ್ಲ. ಮತ್ತೆ ಕರೆಯಲು ಹೋದ ನನಗೆ ಅವಳ ತಂದೆ ಚಹಾ ಕೊಟ್ಟು ಹೇಳಿದ ಮಾತು ಇದು: “ಸೈಕಲ್ ಕೊಟ್ಟಾರ್ರೀ ಸರ, ಖರೇ ಐತಿ. ಅದನ್ನ ಓಡಿಸಾಕ ದಾರಿ ಎಲ್ಲಿ ಕೊಟ್ಟಾರ್ರೀ?” ನಾನು ಉತ್ತರವಿಲ್ಲದೆ ಎದ್ದು ಬಂದೆ. ಎಡಕ್ಕೆ ಸರಿದು ಹೋಗಿರೆಂದು ಮಕ್ಕಳಿಗೆ ಪ್ರಾರ್ಥನೆಯ ವೇಳೆ ನಿತ್ಯ ಹೇಳುತ್ತಿದ್ದವನು ನಾನು. ಎಡಕ್ಕೆ ಸರಿಯಲು ಜಾಗವಿದೆಯೇ ಎಂದು ಒಮ್ಮೆಯೂ ಆ ದಾರಿಯಲ್ಲಿ ಹೋಗಿ ನೋಡಿರಲಿಲ್ಲ. ಮುಂದಿನ ತಿಂಗಳುಗಳಲ್ಲಿ ಆ ಕ್ಯಾಂಪಿನ ಬೇರೆ ಹುಡುಗಿಯರ ಸೈಕಲ್ಲುಗಳೂ ಒಂದೊಂದಾಗಿ ಗೋಡೆಗೆ ಒರಗಿದವು. ಯಾರೂ ಅದನ್ನು ಅಪಘಾತವೆಂದು ಬರೆದುಕೊಳ್ಳಲಿಲ್ಲ.

ಆ ಮೇಲೆ ನಮ್ಮ ರಸ್ತೆಗಳು ಅಗಲವಾದವು. ಜೇವರ್ಗಿಯಿಂದ ಲಿಂಗಸುಗೂರು, ಮಸ್ಕಿ, ಸಿಂಧನೂರು, ಬಳ್ಳಾರಿಗಳ ಮೇಲೆ ಚಾಮರಾಜನಗರಕ್ಕೆ ಹೋಗುವ ದಾರಿ ರಾಷ್ಟ್ರೀಯ ಹೆದ್ದಾರಿ 150ಎ ಎನಿಸಿತು. ರಸ್ತೆ ಸುಧಾರಿಸಿದ್ದನ್ನು ನಾನು ಹಳಿಯುವುದಿಲ್ಲ. ಎರೆಮಣ್ಣಿನಲ್ಲಿ ಸೈಕಲ್ ಹೊತ್ತವರ ಮಗ ಹಾಗೆ ಹಳಿಯಲಾರ. ಆದರೆ ರಸ್ತೆ ಅಗಲವಾದಂತೆ ವೇಗ ಏರಿತು, ಅಂಚಿನಲ್ಲಿ ಹೋಗುವವನ ಪಾಲು ಮಾತ್ರ ಏರಲಿಲ್ಲ. ಗಂಟೆಗೆ ಮೂವತ್ತು ಕಿಲೋಮೀಟರಿನ ವಾಹನ ಅರವತ್ತರಲ್ಲಿ ಓಡಿದರೆ ಅದರ ಹೊಡೆತದ ಶಕ್ತಿ ಎರಡು ಪಟ್ಟಲ್ಲ, ನಾಲ್ಕು ಪಟ್ಟು ಎಂದು ನಮ್ಮ ವಿಜ್ಞಾನದ ಮಾಸ್ತರರು ಹೇಳುತ್ತಿದ್ದರು. 2022ರಲ್ಲಿ ದೇಶದ ರಸ್ತೆಗಳಲ್ಲಿ 1,68,491 ಜನ ಸತ್ತರೆಂದು ಕೇಂದ್ರ ಸಾರಿಗೆ ಸಚಿವಾಲಯದ ವರದಿ ಹೇಳುತ್ತದೆ. ಅವರಲ್ಲಿ 32,825 ಜನ ಕೇವಲ ನಡೆದು ಹೋಗುತ್ತಿದ್ದವರು. ಇನ್ನು 2020ರ ಕೋವಿಡ್ ವರ್ಷದಲ್ಲಿ ನಮ್ಮ ಶಾಲೆಗಳ ಸೈಕಲ್ ವಿತರಣೆಯೂ ನಿಂತಿತು. 2023ರ ಜೂನಿನಿಂದ ಶಕ್ತಿ ಯೋಜನೆಯಡಿ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ ಪ್ರಯಾಣ ಉಚಿತವಾದುದು ದೊಡ್ಡ ಉಪಕಾರವೇ. ಆದರೆ ಶಾಲೆಯ ವೇಳೆಗೆ ಬಸ್ಸು ಬಾರದ ಕ್ಯಾಂಪುಗಳಿಗೆ ಉಚಿತ ಟಿಕೆಟಿನಿಂದ ಏನು ಪ್ರಯೋಜನ?

ಇದು ಬಡ ದೇಶದ ಹಣೆಬರಹವೆಂದು ಕೈಚೆಲ್ಲುವವರಿಗೆ ಒಂದು ಉದಾಹರಣೆ ಹೇಳುತ್ತೇನೆ. ಇಂದು ಸೈಕಲ್ಲುಗಳ ನಾಡೆಂದು ಹೆಸರಾದ ನೆದರ್‌ಲ್ಯಾಂಡ್ಸ್ ಕೂಡ ಒಂದು ಕಾಲಕ್ಕೆ ಕಾರುಗಳಿಗೆ ದಾರಿ ಬಿಟ್ಟುಕೊಟ್ಟಿತ್ತು. 1971ರಲ್ಲಿ ಆ ಪುಟ್ಟ ದೇಶದ ರಸ್ತೆಗಳಲ್ಲಿ ಮೂರು ಸಾವಿರಕ್ಕೂ ಹೆಚ್ಚು ಜನ ಸತ್ತರು. ಅವರಲ್ಲಿ ನಾನೂರಕ್ಕೂ ಹೆಚ್ಚು ಮಕ್ಕಳು. ಆಗ ತಂದೆತಾಯಿಗಳು ಬೀದಿಗಿಳಿದು ‘ಮಕ್ಕಳ ಕೊಲೆ ನಿಲ್ಲಿಸಿ’ ಎಂಬ ಅರ್ಥದ ಹೆಸರಿನ ಚಳವಳಿಯನ್ನೇ ಕಟ್ಟಿದರು. 1973ರಲ್ಲಿ ಪೆಟ್ರೋಲಿನ ಕೊರತೆಯೂ ಕೂಡಿಕೊಂಡಿತು. ಸೈಕಲ್ಲಿಗೆ ಬೇರೆ ದಾರಿ, ಮನೆಗಳ ನಡುವೆ ಕಡಿಮೆ ವೇಗ ಎಂಬ ನೀತಿ ಅಲ್ಲಿಗೆ ಬಂದದ್ದು ಹಾಗೆ. ನಮ್ಮ ಮೈಸೂರಿನಲ್ಲಿಯೂ 2017ರಲ್ಲಿ ‘ಟ್ರಿಣ್ ಟ್ರಿಣ್’ ಎಂಬ ಸಾರ್ವಜನಿಕ ಸೈಕಲ್ ವ್ಯವಸ್ಥೆ ಆರಂಭವಾಯಿತು. ಸಂತೋಷ. ಆದರೆ ನಗರದವರಿಗೆ ಸೈಕಲ್ಲು ಒಂದು ಆಯ್ಕೆ. ನಮ್ಮ ಕ್ಯಾಂಪಿನ ಮಗುವಿಗೆ ಅದು ಹತ್ತನೆಯ ತರಗತಿ.

ನಾವು ಕೇಳಬೇಕಾದುದು ಹೆಚ್ಚಿನದೇನಲ್ಲ. ಹೆದ್ದಾರಿಯ ಅಂಚಿನ ಇಳಿಜಾರನ್ನು ತುಂಬಿಸಿ, ಶಾಲೆಗಳಿರುವ ಊರುಗಳ ಎರಡೂ ಬದಿಗೆ ಒಂದೆರಡು ಕಿಲೋಮೀಟರಾದರೂ ಸೈಕಲ್ಲಿಗೆ, ಕಾಲ್ನಡಿಗೆಗೆ ಬೇರೆ ಪಟ್ಟಿ ಬೇಕು. ಶಾಲೆಯ ಮುಂದೆ ವೇಗ ಮೂವತ್ತನ್ನು ಮೀರಬಾರದು. ಕಾಲುವೆ ದಂಡೆಯ ದಾರಿಯನ್ನು ದುರಸ್ತಿ ಮಾಡಿ, ನೀರಿನ ಕಡೆಗೆ ತಡೆಗೋಡೆ ಕಟ್ಟಿ ಮಕ್ಕಳಿಗೆ ಬಿಟ್ಟುಕೊಡಬೇಕು. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯು ಪಾದಚಾರಿಗಳಿಗೂ ಯಂತ್ರವಿಲ್ಲದ ವಾಹನಗಳಿಗೂ ನಿಯಮ ರೂಪಿಸುವ ಅಧಿಕಾರವನ್ನು ರಾಜ್ಯಗಳಿಗೆ ಕೊಟ್ಟಿದೆ. ಗ್ರಾಮಸಭೆಯಲ್ಲಿ, ಶಾಲಾಭಿವೃದ್ಧಿ ಸಮಿತಿಯಲ್ಲಿ ಎದ್ದು ನಿಂತು ಕೇಳುವವರು ಬೇಕು. ನೌಕರಿಯಲ್ಲಿದ್ದಾಗ ನಾನು ಕೇಳಲಿಲ್ಲ. ಈಗ ಕೇಳುತ್ತಿದ್ದೇನೆ.

ಕಳೆದ ಬೇಸಿಗೆಯಲ್ಲಿ ಸಿಂಧನೂರಿನ ಬಜಾರಿನಲ್ಲಿ ಒಬ್ಬ ಹೆಣ್ಣುಮಗಳು “ನಮಸ್ಕಾರ್ರೀ ಸರ” ಎಂದು ನಿಲ್ಲಿಸಿದಳು. ಗುರುತು ಸಿಗಲಿಲ್ಲ. ಸ್ವಲ್ಪ ಸೊಟ್ಟಗೆ ಕೂಡಿಕೊಂಡಿದ್ದ ಬಲತೋಳನ್ನು ನೋಡಿದ ಮೇಲೆ ಗುರುತಾಯಿತು. ಪಕ್ಕದಲ್ಲಿ ಮಗಳಿದ್ದಳು, ಏಳನೆಯ ಇಯತ್ತೆ ಪಾಸಾಗಿ ಎಂಟಕ್ಕೆ ಹೋಗುವವಳು. “ಸರ್ಕಾರದವ್ರು ಕೊಟ್ರೂ ಬಿಟ್ರೂ ಸೈಕಲ್ ನಾನs ಕೊಡಸ್ತೀನ್ರೀ ಸರ. ದಾರಿ ಈಗ ಛಲೋ ಆಗೇತೇನ್ರೀ?” ಎಂದು ಕೇಳಿದಳು.

ದಾರಿ ಬಹಳ ಛಲೋ ಆಗಿದೆ, ಲಾರಿಗಳು ಹಿಂದಿಗಿಂತ ಜೋರಾಗಿ ಹೋಗುತ್ತವೆ ಎಂದು ಆ ಹುಡುಗಿಯ ಮುಂದೆ ಹೇಳಲು ನನಗೆ ಬಾಯಿ ಬರಲಿಲ್ಲ.