ಮುಂಬಯಿ ಫ್ಲೈಯಿಂಗ್ ಕ್ಲಬ್: ಅಂದಿನ ಅಪಾಯ, ಇಂದಿಗೂ ಪಾಠ

ಮ್ಹಾಪಸಾ: ಪಕ್ಕದ ಪೆಡ್ಣೆ ತಾಲೂಕಿನ ಮೋಪಾದಲ್ಲಿ 2023ರ ಜನವರಿಯಿಂದ ವಿಮಾನಗಳು ಇಳಿಯುತ್ತಿವೆ. ಆದರೆ ಹಾರಲು ಕಲಿಯುವುದೇ ಜೀವ ಪಣಕ್ಕಿಟ್ಟಂತಿದ್ದ ಕಾಲವೊಂದಿತ್ತು.

ಮುಂಬಯಿ ಫ್ಲೈಯಿಂಗ್ ಕ್ಲಬ್ 1928ರಲ್ಲಿ ಆರಂಭವಾಯಿತು. ಇಲ್ಲಿ ಕಲಿತ ಜೆ.ಆರ್.ಡಿ. ಟಾಟಾ 1929ರ ಫೆಬ್ರವರಿ 10ರಂದು ದೇಶದ ಮೊದಲ ಪೈಲಟ್ ಲೈಸೆನ್ಸ್ ಪಡೆದರು.

ಆಗಿನ ಕಲಿಕೆಯ ವಿಮಾನ ಡಿ ಹ್ಯಾವಿಲೆಂಡ್ ಮಾತ್. ಮರದ ಚೌಕಟ್ಟು, ಬಟ್ಟೆಯ ಹೊದಿಕೆ, ಮೇಲೆ ಮುಚ್ಚಳವಿಲ್ಲದ ಎರಡು ಆಸನ. ಚಕ್ರಕ್ಕೆ ಬ್ರೇಕ್ ಇರಲಿಲ್ಲ. ಪ್ರೊಪೆಲರನ್ನು ಕೈಯಿಂದಲೇ ತಿರುಗಿಸಿ ಎಂಜಿನ್ ಚಾಲೂ ಮಾಡಬೇಕು. ಸ್ವಿಚ್ ಬಂದ್ ಇದೆಯೆಂದು ಇಬ್ಬರೂ ಕೂಗಿ ಖಾತ್ರಿಪಡಿಸಿಕೊಳ್ಳದಿದ್ದರೆ ಕೈಗೇ ಕುತ್ತು.

ಹೊಸಬರಿಗೆ ದೊಡ್ಡ ಭಯ ‘ಸ್ಟಾಲ್’. ಮೂತಿ ಅತಿಯಾಗಿ ಎತ್ತಿ ವೇಗ ತಗ್ಗಿದರೆ ರೆಕ್ಕೆಗೆ ಗಾಳಿಯ ಆಸರೆ ತಪ್ಪುತ್ತದೆ. ನೆಲದ ಸಮೀಪ ಹೀಗಾದರೆ ಸುಧಾರಿಸಿಕೊಳ್ಳಲು ಎತ್ತರವೇ ಇರದು. ಅದಕ್ಕೇ ಹಲವು ಮಾತ್‌ಗಳ ಮೇಲಿನ ರೆಕ್ಕೆಗೆ ತಾನಾಗಿ ತೆರೆದುಕೊಳ್ಳುವ ಪಟ್ಟಿ ಜೋಡಿಸುತ್ತಿದ್ದರು.

ಕೊಂಕಣದ ಮಳೆಯೂ ಶತ್ರುವೇ. ಮಳೆಗಾಲದಲ್ಲಿ ಜುಹೂ ಮೈದಾನ ನೀರು ನಿಂತು ಕೆಸರಾಗುತ್ತಿತ್ತು. 1932ರಲ್ಲಿ ಆರಂಭವಾದ ಟಾಟಾ ಅಂಚೆ ವಿಮಾನವೂ ಆ ತಿಂಗಳುಗಳಲ್ಲಿ ಪುಣೆಗೆ ಹೋಗುತ್ತಿತ್ತು.

ಮೇಲೇರಿದ ಕೂಡಲೇ ಎಂಜಿನ್ ನಿಂತರೆ ಮೈದಾನಕ್ಕೆ ಹಿಂತಿರುಗಬೇಡ, ಮೂತಿ ತಗ್ಗಿಸಿ ಎದುರಿಗೇ ಇಳಿ. ಈ ಹಳೆಯ ಪಾಠವನ್ನು ಇಂದಿಗೂ ಕಲಿಸುತ್ತಾರೆ.