ಒಂದು ಸಿ.ಡಿ.ಯಲ್ಲಿ ಏನೇನು ಹಿಡಿಯುತ್ತದೆ?

ಲಿನಕ್ಸ್ ಎಂದರೆ ನಿಜವಾಗಿ ಒಂದು ತಿರುಳು ಮಾತ್ರ. ಲಿನಸ್ ಟೊರ್ವಾಲ್ಡ್ಸ್ 1991ರಲ್ಲಿ ಹೊರತಂದ ಆ ತಿರುಳಿನ ಸುತ್ತ ಬರೆಯುವ, ಚಿತ್ರ ಬಿಡಿಸುವ, ಲೆಕ್ಕ ಮಾಡುವ ತಂತ್ರಾಂಶಗಳನ್ನು ಯಾರಾದರೂ ಆರಿಸಿ ಜೋಡಿಸಿ ಕೊಡಬೇಕು. ಹಾಗೆ ಜೋಡಿಸಿದ್ದಕ್ಕೆ ಡಿಸ್ಟ್ರಿಬ್ಯೂಶನ್ ಎನ್ನುತ್ತಾರೆ. ಯಾವುದು ಬೇಕು, ಯಾವುದು ಬೇಡ ಎಂದು ದೊಡ್ಡ ದೊಡ್ಡ ಚರ್ಚೆಗಳೇ ಆಗಿವೆ!

ಇಯಾನ್ ಮರ್ಡಾಕ್ 1993ರಲ್ಲಿ ಆರಂಭಿಸಿದ ಡೆಬಿಯನ್ ಈ ವಿಷಯದಲ್ಲಿ ಬಹಳ ಕಟ್ಟುನಿಟ್ಟು. 1998ರಲ್ಲಿ ಕೆಡಿಇ ಎಂಬ ಚಂದದ ಡೆಸ್ಕ್‌ಟಾಪನ್ನು ಅದು ತನ್ನ ಸಂಗ್ರಹದಿಂದ ಹೊರಗಿಟ್ಟಿತು. ಕೆಲಸ ಮಾಡುವುದಿಲ್ಲ ಎಂದಲ್ಲ. ಕೆಡಿಇ ಆಧರಿಸಿದ್ದ ಕ್ಯೂಟಿ ಎಂಬ ತಂತ್ರಾಂಶದ ಪರವಾನಗಿ, ಕೆಡಿಇಯ ಪರವಾನಗಿಗೆ ಹೊಂದುತ್ತಿರಲಿಲ್ಲ. 2000ದಲ್ಲಿ ಕ್ಯೂಟಿ ಜಿಪಿಎಲ್ ಪರವಾನಗಿಗೆ ಬಂದ ಮೇಲೆಯೇ ದಾರಿ ತೆರೆಯಿತು. 2002ರ ಡೆಬಿಯನ್ 3.0ರಲ್ಲಿ ಕೆಡಿಇ ಸೇರಿತು.

2004ರಲ್ಲಿ ಬಂದ ಉಬುಂಟುವಿನ ತೊಂದರೆ ಬೇರೆ. ಎಲ್ಲವೂ ಒಂದೇ ಸಿ.ಡಿ.ಯಲ್ಲಿ, ಅಂದರೆ ಸುಮಾರು 700 ಎಂ.ಬಿ.ಯಲ್ಲಿ ಹಿಡಿಯಬೇಕಿತ್ತು. ಒಂದನ್ನು ಸೇರಿಸಿದರೆ ಇನ್ನೊಂದನ್ನು ತೆಗೆಯಬೇಕು. 2010ರ 10.04 ಆವೃತ್ತಿಯಲ್ಲಿ ಜಿಂಪ್ ಹೋಯಿತು. ಸಾಮಾನ್ಯ ಬಳಕೆದಾರರಿಗೆ ಅದು ಕಷ್ಟ, ಜಾಗವೂ ಹೆಚ್ಚು ಬೇಕು, ಬೇಕಾದವರು ಆಮೇಲೆ ಇಳಿಸಿಕೊಳ್ಳಲಿ ಎಂಬ ವಾದ. ಇಂಟರ್‌ನೆಟ್ ಇದ್ದವರಿಗೆ ಅದು ಸರಿ. ಇಲ್ಲದ ಶಾಲೆಯ ಮಕ್ಕಳಿಗೆ ಸಿ.ಡಿ.ಯಲ್ಲಿ ಇಲ್ಲದ್ದು ಲೋಕದಲ್ಲೇ ಇಲ್ಲದ ಹಾಗೆ. ಆದ್ದರಿಂದ ಆ ವಾದ ನನಗೆ ಒಪ್ಪಿಗೆಯಿಲ್ಲ. (2012ರ ಕೊನೆಗೆ ಉಬುಂಟು ಸಿ.ಡಿ.ಯ ಮಿತಿಯನ್ನೇ ದಾಟಿತು.)

ನಮ್ಮ ಕೇರಳದ ಶಾಲೆಗಳಲ್ಲಿ ಆಯ್ಕೆಯ ಅಳತೆಗೋಲು ಪಾಠಪುಸ್ತಕ. ಐಟಿ ಅಟ್ ಸ್ಕೂಲ್ ಯೋಜನೆ 2017ರಲ್ಲಿ ಕೈಟ್ ಆಯಿತು. ಅದು 2019ರಲ್ಲಿ ಕೊಟ್ಟ ಆವೃತ್ತಿಗೆ ಉಬುಂಟು 18.04 ಆಧಾರ. ಉಬುಂಟು ಬಿಟ್ಟ ಜಿಂಪ್ ಅದರಲ್ಲಿ ಇದೆ, ಗಣಿತಕ್ಕೆ ಜಿಯೋಜಿಬ್ರಾವೂ ಇದೆ.

ಕಾಸರಗೋಡಿನ ಕನ್ನಡ ಮಾಧ್ಯಮದವರಿಗೆ ಇನ್ನೂ ಒಂದು ಬೇಕು: ಅಕ್ಷರ. ಡೆಬಿಯನ್ ಬಹಳ ಹಿಂದೆಯೇ ಕೇದಗೆ, ಮಲ್ಲಿಗೆ ಎಂಬ ಕನ್ನಡ ಫಾಂಟುಗಳನ್ನು ತನ್ನ ಸಂಗ್ರಹಕ್ಕೆ ಸೇರಿಸಿತ್ತು. ಲೋಹಿತ್ ಕನ್ನಡ, ನವಿಲು ಆಮೇಲೆ ಬಂದವು. ಜಿಂಪ್‌ಗೆ ಹೋಲಿಸಿದರೆ ಒಂದು ಫಾಂಟಿಗೆ ಬೇಕಾದ ಜಾಗ ಏನೂ ಅಲ್ಲ. ಆದರೆ ಕನ್ನಡ ಫಾಂಟು ಒಂದೂ ಇಲ್ಲದ ಕಂಪ್ಯೂಟರಿನಲ್ಲಿ ಮಗು ತನ್ನ ಹೆಸರು ಟೈಪ್ ಮಾಡಿದರೆ ಪರದೆಯ ಮೇಲೆ ಕಾಣುವುದು ಸಾಲು ಚೌಕಗಳು.