ಪೆಟ್ಟಿಗೆಯಲ್ಲಿ ಬಂದ ಯುದ್ಧನೌಕೆ

ಮರದ ಯುದ್ಧನೌಕೆಯ ಮಾದರಿ ಕಟ್ಟುವುದು ಈಗ ಬಿಡುವಿನ ಹವ್ಯಾಸ. 17ನೇ ಶತಮಾನದ ಇಂಗ್ಲೆಂಡಿನಲ್ಲಿ ಅದು ನೌಕಾಪಡೆಗೆ ಸಂಬಂಧಪಟ್ಟ ಗಂಭೀರ ಕೆಲಸವಾಗಿತ್ತು. ಅಲ್ಲಿಯ ನೌಕಾ ಆಡಳಿತ ಮಂಡಳಿಯಾದ ನೇವಿ ಬೋರ್ಡ್ ಹೆಸರಿನಲ್ಲಿ ಕರೆಯಲಾಗುವ ಮಾದರಿಗಳು ಬಹುಪಾಲು ಒಂದೇ ಅಳತೆಯವು: ಹಡಗಿನ ಒಂದು ಅಡಿಗೆ ಮಾದರಿಯಲ್ಲಿ ಕಾಲು ಅಂಗುಲ, ಅಂದರೆ 1:48. ನೀರಿನ ಮಟ್ಟಕ್ಕಿಂತ ಕೆಳಗೆ ಹಲಗೆ ಹೊದಿಸದೆ ಪಕ್ಕೆಲುಬುಗಳನ್ನು ಹಾಗೆಯೇ ತೋರಿಸುವುದು ಅವುಗಳ ಗುರುತು. ಕಟ್ಟುವ ಮೊದಲು ಒಪ್ಪಿಗೆಗಾಗಿ ಮಾಡಿದ್ದೋ, ಕಟ್ಟಿದ ಮೇಲೆ ದೊಡ್ಡವರಿಗೆ ಕಾಣಿಕೆಯಾಗಿ ಮಾಡಿದ್ದೋ ಎಂಬ ವಾದ ವಿದ್ವಾಂಸರಲ್ಲಿ ಇನ್ನೂ ಮುಗಿದಿಲ್ಲ. ಫ್ರಾನ್ಸಿನಲ್ಲಿ ನೌಕಾಪಡೆಯ ಅಧಿಕಾರಿ ದುಹಮೆಲ್ ದು ಮೊನ್ಸೊ 1748ರಲ್ಲಿ ತನ್ನ ಮಾದರಿಗಳ ಸಂಗ್ರಹವನ್ನು ದೊರೆ 15ನೇ ಲೂಯಿಗೆ ಒಪ್ಪಿಸಿದ. ಪ್ಯಾರಿಸ್‌ನ ನೌಕಾ ಸಂಗ್ರಹಾಲಯದ ಬೇರು ಅದೇ.

ನಮ್ಮ ಕರಾವಳಿಗೂ ಈ ಕಥೆಯಲ್ಲಿ ಒಂದು ಸಾಲಿನ ಜಾಗವಿದೆ. 1790ರ ದಶಕದಲ್ಲಿ ಟಿಪ್ಪು ಸುಲ್ತಾನ್ ಸುಮಾರು 40 ಯುದ್ಧನೌಕೆಗಳ ಪಡೆ ಕಟ್ಟಲು ಆಜ್ಞೆ ಹೊರಡಿಸಿ, ಮಂಗಳೂರು ಸೇರಿದಂತೆ ಕರಾವಳಿಯ ಹಡಗುಕಟ್ಟೆಗಳಿಗೆ ಕೆಲಸ ಹಂಚಿದಾಗ, ಹಡಗುಗಳ ಮಾದರಿಯನ್ನು ದರ್ಬಾರಿನಿಂದಲೇ ಒದಗಿಸಿದ್ದ. ತಳಕ್ಕೆ ತಾಮ್ರದ ತಗಡು ಹೊದಿಸಬೇಕು ಎಂಬುದೂ ಅವನ ಆಜ್ಞೆ. ಬ್ರಿಟಿಷ್ ನೌಕಾಪಡೆ ತನ್ನ ಹಡಗುಗಳಿಗೆ ವ್ಯಾಪಕವಾಗಿ ತಾಮ್ರ ಹೊದಿಸಿದ್ದು ಅದಕ್ಕೆ ಸ್ವಲ್ಪವೇ ಮುಂಚೆ. ಪಡೆ ಪೂರ್ತಿಯಾಗುವ ಮೊದಲೇ, 1799ರಲ್ಲಿ, ಟಿಪ್ಪು ಮಡಿದ.

ಅರಮನೆಯ ಆಚೆ ಮಾದರಿ ಕಟ್ಟಿದ ಒಂದು ದೊಡ್ಡ ಗುಂಪು ಕೈದಿಗಳದು. ನೆಪೋಲಿಯನ್ ಕಾಲದ ಯುದ್ಧಗಳಲ್ಲಿ ಸಿಕ್ಕಿಬಿದ್ದ ಫ್ರೆಂಚ್ ನಾವಿಕರನ್ನು ಇಂಗ್ಲೆಂಡಿನ ನಾರ್ಮನ್ ಕ್ರಾಸ್, ಡಾರ್ಟ್‌ಮೂರ್‌ನಂಥ ಸೆರೆಮನೆಗಳಲ್ಲಿ ವರ್ಷಗಟ್ಟಲೆ ಇಟ್ಟರು. ಊಟದ ಮಾಂಸದಲ್ಲಿ ಉಳಿದ ಮೂಳೆಯನ್ನು ಬೇಯಿಸಿ, ಸೀಳಿ, ಉಜ್ಜಿ, ಅದರಿಂದ ಅವರು ಹಡಗು ಕಟ್ಟಿದರು. ಹಗ್ಗಕ್ಕೆ ತಲೆಗೂದಲನ್ನೂ ಬಳಸಿದ್ದುಂಟು. ದಾರ ಎಳೆದರೆ ತೋಪುಗಳೆಲ್ಲ ಒಟ್ಟಿಗೆ ಒಳಸರಿಯುವ ಕುಶಲವೂ ಕೆಲವದರಲ್ಲಿದೆ. ಸೆರೆಮನೆಯ ಸಂತೆಯಲ್ಲಿ ಕೊಳ್ಳುವವರು ಇಂಗ್ಲಿಷರಾದ್ದರಿಂದ ಎಷ್ಟೋ ಮಾದರಿಗಳಿಗೆ ಇಂಗ್ಲಿಷ್ ಹಡಗಿನ ಹೆಸರನ್ನೇ ಇಟ್ಟರು. ಅಳತೆಯ ದೃಷ್ಟಿಯಿಂದ ನೋಡಿದರೆ ಇವು ಸರಿಯಿಲ್ಲ. ಕೂವೆಮರ ಎತ್ತರ ಹೆಚ್ಚು, ತೋಪು ದಪ್ಪ ಹೆಚ್ಚು. ಆದರೆ ಕೊಳ್ಳುವವನ ಕಣ್ಣಿಗೆ ಕಟ್ಟುವ ಅಲಂಕಾರವೋ, ನಿಜವಾದ ಅಳತೆಯೋ ಎಂಬ ಜಗಳ ಅಲ್ಲಿಂದ ಶುರುವಾಗಿ ಮುಂದಿನ ಕಿಟ್ ತಯಾರಕರವರೆಗೂ ಬಂದಿದೆ.

ಕಿಟ್ ಎಂಬುದು 20ನೇ ಶತಮಾನದ ಸರಕು. ಅಮೆರಿಕದಲ್ಲಿ ಅದಕ್ಕೆ ನೆಲ ಹದ ಮಾಡಿದ್ದು ಹಳೆಯ ಫ್ರಿಗೇಟ್ ಕಾನ್‌ಸ್ಟಿಟ್ಯೂಷನ್. 1797ರಲ್ಲಿ ನೀರಿಗಿಳಿದ ಈ ಹಡಗನ್ನು ಉಳಿಸಲು 1925ರಲ್ಲಿ ಶಾಲಾಮಕ್ಕಳಿಂದ ಚಿಲ್ಲರೆ ಕಾಸು ಸಂಗ್ರಹಿಸುವ ಅಭಿಯಾನ ನಡೆಯಿತು. ಅದೇ ದಶಕದಲ್ಲಿ ಕ್ಯಾಪ್ಟನ್ ಆರ್ಮಿಟೇಜ್ ಮೆಕ್ಯಾನ್ ‘ಪಾಪ್ಯುಲರ್ ಸೈನ್ಸ್’ ಪತ್ರಿಕೆಯಲ್ಲಿ ಹಡಗಿನ ಮಾದರಿಗಳ ನಕ್ಷೆ ಪ್ರಕಟಿಸುತ್ತಿದ್ದರು. (ಕಾನ್‌ಸ್ಟಿಟ್ಯೂಷನ್‌ಗೂ ಮುಂಬೈಗೂ ಒಂದು ಹಳೆಯ ಲೆಕ್ಕವಿದೆ. 1812ರ ಡಿಸೆಂಬರ್‌ನಲ್ಲಿ ಬ್ರೆಜಿಲ್ ತೀರದಾಚೆ ಅದು ಸೋಲಿಸಿದ ಬ್ರಿಟಿಷ್ ಫ್ರಿಗೇಟ್ ಜಾವಾದಲ್ಲಿ, ಮುಂಬೈನಲ್ಲಿ ವಾಡಿಯಾ ಮನೆತನದವರು ಕಟ್ಟಬೇಕಿದ್ದ ಟ್ರಿಂಕೋಮಲಿಯ ನಕ್ಷೆಗಳಿದ್ದವು. ಮತ್ತೆ ನಕ್ಷೆ ತರಿಸಿ, ತೇಗದಲ್ಲಿ ಕಟ್ಟಿ, 1817ರಲ್ಲಿ ನೀರಿಗಿಳಿಸಿದ ಆ ಹಡಗು ಇಂದಿಗೂ ಇಂಗ್ಲೆಂಡಿನ ಹಾರ್ಟ್ಲ್‌ಪೂಲ್‌ನಲ್ಲಿ ತೇಲುತ್ತಿದೆ.)

1946ರಲ್ಲಿ ನ್ಯೂಜೆರ್ಸಿಯಲ್ಲಿ ಶುರುವಾದ ಮಾಡೆಲ್ ಶಿಪ್‌ವೇಸ್‌ನಂಥ ಕಂಪನಿಗಳ ಪೆಟ್ಟಿಗೆಯಲ್ಲಿ ಸಿಗುತ್ತಿದ್ದದ್ದು ಯಂತ್ರದಿಂದ ಒರಟಾಗಿ ಕೆತ್ತಿದ ಒಂದು ಮರದ ದಿಮ್ಮಿ, ಒಂದಷ್ಟು ಕಡ್ಡಿ, ದಾರ, ಎರಕದ ಬಿಡಿಭಾಗಗಳು, ಒಳ್ಳೆಯ ನಕ್ಷೆ. ರಟ್ಟಿನಲ್ಲಿ ಅಚ್ಚು ಕತ್ತರಿಸಿ, ದಿಮ್ಮಿಗೆ ಒತ್ತಿ ನೋಡುತ್ತ, ಉಬ್ಬಿದ್ದನ್ನು ಕೆರೆದು ತೆಗೆಯುವುದು ಕೊಂಡವನ ಪಾಲು. ಆ ಎರಕದ ಭಾಗಗಳೇ ಮುಂದೆ ಕಾಟ ಕೊಟ್ಟವು. ಅವುಗಳಲ್ಲಿ ಸೀಸದ ಪಾಲು ಹೆಚ್ಚು. ಮರ, ಅಂಟು, ಬಣ್ಣಗಳಿಂದ ಹೊರಡುವ ಆಮ್ಲದ ಆವಿ ಗಾಜಿನ ಪೆಟ್ಟಿಗೆಯಲ್ಲಿ ಸಿಕ್ಕಿಕೊಂಡರೆ ಸೀಸ ಬಿಳಿಪುಡಿಯಾಗಿ ಉದುರುತ್ತದೆ. ಧೂಳು ಬೀಳದಿರಲೆಂದು ಭದ್ರವಾಗಿ ಮುಚ್ಚಿಟ್ಟ ಮಾದರಿಯಲ್ಲೇ ತೋಪುಗಳು ಕರಗಿದ ಉದಾಹರಣೆಗಳಿವೆ. ಹಾಗಾಗಿ ಸೀಸವಿಲ್ಲದ ಮಿಶ್ರಲೋಹ ಬಂತು.

ಯುರೋಪು ಬೇರೆ ದಾರಿ ಹಿಡಿಯಿತು. ಡೆನ್ಮಾರ್ಕಿನ ಬಿಲ್ಲಿಂಗ್ ಬೋಟ್ಸ್ ಹುಟ್ಟಿದ್ದು 1958ರಲ್ಲಿ. ಇಟಲಿಯ ಅಮಾತಿ, ಮಾಂಟುವಾ, ಕೊರೆಲ್, ಸ್ಪೇನಿನ ಆರ್ಟೆಸಾನಿಯಾ ಲಾಟಿನಾ ಕೂಡ ಇದೇ ಹಾದಿಯವು. ದಿಮ್ಮಿ ಹೋಯಿತು. ಅದರ ಜಾಗಕ್ಕೆ ಪ್ಲೈವುಡ್ಡಿನ ಬೆನ್ನೆಲುಬು, ಅದಕ್ಕೆ ಅಡ್ಡಲಾಗಿ ಸಿಕ್ಕಿಸುವ ತಡೆಗಳು, ಮೇಲೆ ಹಲಗೆಪಟ್ಟಿಗಳ ಎರಡು ಹೊದಿಕೆ ಬಂದವು. ಮೊದಲನೆಯದು ಮೆದುಮರದ್ದು, ಎರಡನೆಯದು ತೆಳುವಾದ ಅಕ್ರೋಟು ಮರದ್ದು. ಮೊದಲ ಹೊದಿಕೆಯ ತಪ್ಪನ್ನು ಎರಡನೆಯದು ಮುಚ್ಚಿಕೊಳ್ಳುತ್ತದೆ. ಹೊಸಬರ ಮೇಲಿನ ದೊಡ್ಡ ಕರುಣೆ ಇದು. ಅದೇ ಹೊತ್ತಿಗೆ ಪ್ಲಾಸ್ಟಿಕ್ ಪೈಪೋಟಿಯೂ ಬಂತು. ಏರ್‌ಫಿಕ್ಸ್‌ನ ಗೋಲ್ಡನ್ ಹೈಂಡ್ 1952ರಲ್ಲೇ ಅಗ್ಗಕ್ಕೆ ಮಾರಾಟವಾಗುತ್ತಿತ್ತು. ಮರದ ಕಿಟ್‌ನವರು ಅದರ ಎದುರು ಮಾರಿದ್ದು ಹೊಳಪನ್ನು: ಹಿತ್ತಾಳೆಯ ತೋಪು, ಚಿನ್ನದ ಬಣ್ಣದ ಬೊಂಬೆಗಳು, ಅಕ್ರೋಟಿನ ಕಪ್ಪುಕಂದು ಮೆರುಗು. ಬೈಠಕ್ಕಿನ ಗೋಡೆಗೆ ಅದು ಚೆಂದ. ಆದರೆ ಒಂದೇ ಎರಕದ ಬೊಂಬೆ ಮೂರು ದೇಶಗಳ ಹಡಗುಗಳಿಗೆ ಸಲ್ಲುವಂತಿದ್ದರೆ ಇತಿಹಾಸಕ್ಕೆ ಏನು ಗತಿ? ಅಕ್ರೋಟಿನ ದಪ್ಪ ನಾರಿನ ಗೆರೆಗಳು 1:98ರಂಥ ಸಣ್ಣ ಅಳತೆಯಲ್ಲಿ ಮರದ ಕೊಂಬೆಗಳಷ್ಟು ದಪ್ಪವಾಗಿ ಕಾಣುತ್ತವೆ.

ಈ ಕ್ಷೇತ್ರವನ್ನು ಅಲಂಕಾರದಿಂದ ನಿಜವಾದ ಅಳತೆಯತ್ತ ಎಳೆದು ತಂದದ್ದು ಯಂತ್ರಗಳೆಂದು ಹಲವರು ಹೇಳುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ತಂದದ್ದು ಪುಸ್ತಕಗಳು. ವೈದ್ಯರಾಗಿದ್ದ ನೆಪಿಯನ್ ಲಾಂಗ್‌ರಿಜ್ 1955ರಲ್ಲಿ ‘ದಿ ಅನಾಟಮಿ ಆಫ್ ನೆಲ್ಸನ್ಸ್ ಶಿಪ್ಸ್’ ಬರೆದು, ಬ್ರಿಟಿಷ್ ನೌಕಾಧಿಪತಿ ನೆಲ್ಸನ್‌ನ ವಿಕ್ಟರಿ ಹಡಗನ್ನು ಹಗ್ಗ ಹಗ್ಗವಾಗಿ ಬಿಡಿಸಿಟ್ಟರು. 1765ರಲ್ಲಿ ಚಾಥಮ್‌ನಲ್ಲಿ ನೀರಿಗಿಳಿದು, 1805ರ ಟ್ರಫಾಲ್ಗರ್ ಕದನ ಕಂಡು, 1922ರಿಂದ ಪೋರ್ಟ್ಸ್‌ಮತ್‌ನ ಒಣಕಟ್ಟೆಯಲ್ಲಿ ನಿಂತಿರುವ ಆ ಹಡಗು ಕಣ್ಣೆದುರೇ ಇದ್ದದ್ದು ಅವರಿಗೆ ಅನುಕೂಲವಾಯಿತು. ಫ್ರಾನ್ಸಿನ ಜ್ಯಾನ್ ಬೂದ್ರಿಯೊ 1970ರ ದಶಕದಲ್ಲಿ 74 ತೋಪಿನ ಹಡಗಿನ ಮೇಲೆ ನಾಲ್ಕು ಸಂಪುಟ ತಂದರು. ಜಾನ್ ಮೆಕೇ 1987ರಲ್ಲಿ ವಿಕ್ಟರಿಯ ಅಳತೆ ಚಿತ್ರಗಳನ್ನು ಪುಸ್ತಕವಾಗಿಸಿದರು. ಓದಿದ ಗಿರಾಕಿ ಪ್ರಶ್ನೆ ಕೇಳತೊಡಗಿದ. ಕಾಲ್ಡರ್‌ಕ್ರಾಫ್ಟ್‌ನ 1:72 ವಿಕ್ಟರಿಯಂಥ ಕಿಟ್‌ಗಳು ಆ ಪ್ರಶ್ನೆಗೆ ಸಿಕ್ಕ ಉತ್ತರ.

ಬಣ್ಣದ ಪಂಚಾಯಿತಿ ಮಾತ್ರ ಮುಗಿಯುವಂತಿಲ್ಲ. 1628ರಲ್ಲಿ ಮುಳುಗಿ 1961ರಲ್ಲಿ ಮೇಲೆದ್ದ ಸ್ವೀಡನ್ನಿನ ವಾಸಾದ ಕೆತ್ತನೆಗಳ ಹಿನ್ನೆಲೆ ನೀಲಿಯೆಂದು ನಂಬಿ ಒಂದಿಡೀ ತಲೆಮಾರು ನೀಲಿ ಬಳಿಯಿತು. ಬಣ್ಣದ ಚೂರುಗಳನ್ನು ಪರೀಕ್ಷಿಸಿದಾಗ ಅದು ಕೆಂಪೆಂದು ತಿಳಿಯಿತು. ವಿಕ್ಟರಿಯ ಗಾಢ ಹಳದಿ ಪಟ್ಟೆಗಳೂ ಇಂಥದೇ ಪರೀಕ್ಷೆಯ ನಂತರ 2015ರಲ್ಲಿ ನಸುಗೆಂಪು ಛಾಯೆಯ ತಿಳಿ ಬಣ್ಣಕ್ಕೆ ತಿರುಗಿದವು. ಹಳದಿ ಬಳಿದು ಗಾಜಿನೊಳಗಿಟ್ಟವರು ಈಗ ಏನು ಮಾಡಬೇಕು? ಏನೂ ಮಾಡಬೇಕಿಲ್ಲ, ಅದು ಅವರ ಕಾಲದ ವಿಕ್ಟರಿ.

ಯಂತ್ರ ಬಂದದ್ದು ಕಡೆಗೆ. ಹಿಂದೆ ಅಚ್ಚಿನಿಂದ ಒತ್ತಿ ಕತ್ತರಿಸಿದ ಭಾಗಗಳ ಅಂಚು ಜಜ್ಜಿಹೋಗಿರುತ್ತಿತ್ತು. ಲೇಸರ್ ಕತ್ತರಿ ಅದನ್ನು ನಿವಾರಿಸಿತು, ಬದಲಿಗೆ ಉಜ್ಜಿ ತೆಗೆಯಬೇಕಾದ ಸುಟ್ಟ ಕಪ್ಪಂಚನ್ನು ಕೊಟ್ಟಿತು. ರಾಸಾಯನಿಕವಾಗಿ ಕೊರೆದ ಹಿತ್ತಾಳೆ ತಗಡು, ರಾಳದಲ್ಲಿ ಮುದ್ರಿಸಿದ ಬೊಂಬೆಗಳು, ಅಕ್ರೋಟಿನ ಬದಲು ಪಿಯರ್ ಮರ ಬಂದವು. ವಾರವಾರ ಬಿಡಿಭಾಗ ಮಾರುವ ಪತ್ರಿಕೆಗಳೂ ಬಂದವು. ಕೊನೆಗೆ ಕೂಡಿ ನೋಡಿದರೆ ದುಬಾರಿ ವ್ಯವಹಾರ. ಚೀನಾದ ಕೆಲವು ತಯಾರಕರು ಪಕ್ಕೆಲುಬು ಪಕ್ಕೆಲುಬಾಗಿ ಕಟ್ಟುವ ಅದ್ಭುತ ಕಿಟ್ ತಂದಿದ್ದಾರೆ. ಇನ್ನು ಕೆಲವರು ಪರರ ನಕ್ಷೆಯನ್ನು ಕದ್ದಿದ್ದಾರೆ. ಕದ್ದ ಕಿಟ್‌ಗಳನ್ನು ಹೊರಗಿಟ್ಟ ಸಂಘಗಳಿವೆ, ಸರಿಯಾಗಿಯೇ ಹೊರಗಿಟ್ಟಿವೆ.

ಇಷ್ಟಾದರೂ ಬಹುಪಾಲು ಕೈಕೆಲಸವಾಗಿಯೇ ಉಳಿದ ಘಟ್ಟವೊಂದಿದೆ, ಹಲಗೆ ಹೊದಿಸುವುದು. ಹಡಗಿನ ನಡು ಅಗಲ, ಮೂತಿ ಕಿರಿದು. ನಡುವಿನಲ್ಲಿ ಹಿಡಿಸುವಷ್ಟೇ ಪಟ್ಟಿಗಳು ಮೂತಿಯಲ್ಲೂ ಹಿಡಿಸಬೇಕೆಂದರೆ ಒಂದೊಂದನ್ನೂ ಮುಂದಕ್ಕೆ ಹೋದಂತೆ ಸಣ್ಣಗೆ ಹೆರೆಯಬೇಕು. ಅರ್ಧಕ್ಕಿಂತ ಕಿರಿದಾದರೆ ತುದಿ ಚೂಪಾಗಿ ಸೀಳುತ್ತದೆ. ಹಿಂಬದಿಯಲ್ಲಿ ಇದಕ್ಕೆ ಉಲ್ಟಾ, ಜಾಗ ಉಳಿದು ಹೆಚ್ಚುವರಿ ತುಂಡು ಸೇರಿಸಬೇಕಾಗುತ್ತದೆ. ಪಟ್ಟಿಯನ್ನು ನೀರಲ್ಲಿ ನೆನೆಸಿ, ಬಿಸಿಗೆ ಬಾಗಿಸಿ, ನಮ್ಮ ಫೆವಿಕಾಲ್‌ನಂಥ ಬಿಳಿ ಅಂಟಿನಿಂದ ಕೂರಿಸಬೇಕು. ಒಂದು ಬದಿಯನ್ನೇ ಮುಗಿಸಿಬಿಡುವ ಆತುರದವರ ಹಡಗು ಸೊಟ್ಟಗಾಗುತ್ತದೆ. ಎಡಕ್ಕೊಂದು ಬಲಕ್ಕೊಂದು ಪಟ್ಟಿ ಹಾಕುತ್ತ ಹೋಗುವುದು ರೂಢಿ. ಅದಾದ ಮೇಲೆ ಹಗ್ಗದ ಕೆಲಸ. ಕೂವೆಮರ ಹತ್ತುವ ಹಗ್ಗದ ಏಣಿಗಳಲ್ಲಿ ಸಾವಿರಾರು ಗಂಟು, ಪ್ರತಿಯೊಂದನ್ನೂ ಚಿಮುಟದಲ್ಲಿ ಹಾಕಬೇಕು.

ವಿಕ್ಟರಿ, ಕಾನ್‌ಸ್ಟಿಟ್ಯೂಷನ್ ಕಿಟ್‌ಗಳೇ ಹೆಸರುವಾಸಿ, ಅರ್ಧಕ್ಕೆ ನಿಂತು ಅಟ್ಟ ಸೇರುವುದರಲ್ಲೂ ಅವು ಮುಂದು. ಆಸಕ್ತಿಯುಳ್ಳವರು ಮೊದಲ ಪೆಟ್ಟಿಗೆಯಾಗಿ ಅವನ್ನು ತರಿಸಬೇಡಿ. ಒಂದೇ ಕೂವೆಮರದ ಶೆರ್ಬೋರ್ನ್‌ನಂಥ ಸಣ್ಣ ಗಸ್ತು ಹಡಗಿನ 1:64 ಕಿಟ್ ಸಿಗುತ್ತದೆ. ಅದರಲ್ಲಿ ಹಲಗೆ, ತೋಪು, ಹಗ್ಗ ಎಲ್ಲವೂ ಇದೆ, ಅಳತೆಯಲ್ಲಿ ಮಾತ್ರ ಕಡಿಮೆ. 1763ರ ಆ ಪುಟ್ಟ ಹಡಗಿನ ವಿನ್ಯಾಸವೂ ವಿಕ್ಟರಿಯನ್ನು ರೂಪಿಸಿದ ಥಾಮಸ್ ಸ್ಲೇಡ್‌ನದೇ.